ಹಿತ್ತಲ ಮಣ್ಣಿನ ಒಲೆ

ಹಿತ್ತಲ ಮಣ್ಣಿನ ಒಲೆ ಎಂದರೆ ಮನೆಯ ಹಿತ್ತಲು, ಅಂಗಳ, ಕೊಟ್ಟಿಗೆಯ ಬದಿ ಅಥವಾ ಹೊಲದ ಗುಡಿಸಿಲ ಮುಂಭಾಗದಂತಹ ಬಯಲು ಸ್ಥಳದಲ್ಲಿ ಕಟ್ಟಿಗೆ, ಕುಳ್ಳು ಇಲ್ಲವೆ ಇದ್ದಿಲನ್ನು ಉರಿಸಲು ಮಣ್ಣಿನಿಂದ ರಚಿಸಿದ ಒಲೆ. ಸ್ನಾನದ ನೀರು ಕಾಯಿಸುವುದು, ಹೆಚ್ಚು ಜನರಿಗೆ ಅಡುಗೆ ಮಾಡುವುದು, ರೊಟ್ಟಿ ಬೇಯಿಸುವುದು, ಶೇಂಗಾ ಹುರಿಯುವುದು, ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳುವುದು ಇದರ ಮುಖ್ಯ ಉಪಯೋಗಗಳು. ಹುಬ್ಬಳ್ಳಿ–ಧಾರವಾಡ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಅಡುಗೆ ಅನಿಲ ಬಂದ ಮೇಲೆ ಒಳಮನೆಯ ಒಲೆ ಬಹುಮಟ್ಟಿಗೆ ಮರೆಯಾಗಿದೆಯಾದರೂ ಹಿತ್ತಲ ಒಲೆ ಉಳಿದುಕೊಂಡಿದೆ. ಈ ಒಲೆಯ ಬಾಳಿಕೆಯು ಬಳಸಿದ ಮಣ್ಣು, ಒಣಗಿಸಿದ ಕ್ರಮ ಹಾಗೂ ನೀರಿನಿಂದ ಪಡೆದ ರಕ್ಷಣೆ ಎಂಬ ಮೂರು ಸಂಗತಿಗಳನ್ನು ಅವಲಂಬಿಸಿದೆ. ಅದರ ಸುರಕ್ಷತೆಯು ಮಾತ್ರ ಒಂದೇ ಸಂಗತಿಯನ್ನು ಅವಲಂಬಿಸಿದೆ: ಅದು ಹೊರಗೇ ಇರಬೇಕು.

ಹೆಸರು

'ಒಲೆ' ಎಂಬುದು ದ್ರಾವಿಡ ಮೂಲದ ಪದ. ತಮಿಳಿನ 'ಉಲೈ' ಇದರ ಸಂಬಂಧಿ. ಧಾರವಾಡ ಸೀಮೆಯ ಆಡುಮಾತಿನಲ್ಲಿ ಇದು 'ಒಲಿ' ಎಂದಾಗುತ್ತದೆ. ನೀರು ಕಾಯಿಸುವ ಹಂಡೆಯನ್ನು ಹೂಡಿದ ಒಲೆಗೆ 'ನೀರೊಲೆ' ಎಂಬ ಹೆಸರಿದೆ. ಎತ್ತಿ ಒಯ್ಯಬಹುದಾದ ಕೆಂಡದ ಪಾತ್ರೆಗೆ ಗ್ರಂಥಸ್ಥ ಕನ್ನಡದಲ್ಲಿ 'ಅಗ್ಗಿಷ್ಟಿಕೆ' ಎನ್ನುವರು. ಇದು 'ಅಗ್ನಿಷ್ಟಿಕೆ' ಎಂಬ ಸಂಸ್ಕೃತ ಶಬ್ದದ ತದ್ಭವ. ಅದನ್ನೇ ಹುಬ್ಬಳ್ಳಿ–ಧಾರವಾಡದ ಮನೆಗಳಲ್ಲಿ ಮರಾಠಿಯ ಪ್ರಭಾವದಿಂದ 'ಶೇಗಡಿ' ಎಂದು ಕರೆಯುವುದು ರೂಢಿ. ಈ ಹೆಸರುಗಳನ್ನು ಒಂದಕ್ಕೊಂದು ಬದಲಾಗಿ ಬಳಸುವುದುಂಟು; ಆದರೆ ಒಲೆಯಲ್ಲಿ ಉರಿಯುವುದು ಜ್ವಾಲೆ, ಅಗ್ಗಿಷ್ಟಿಕೆಯಲ್ಲಿ ಇರುವುದು ಕೆಂಡ. ಅಪಾಯದ ವಿಷಯಕ್ಕೆ ಬಂದಾಗ ಈ ವ್ಯತ್ಯಾಸ ಮಹತ್ವದ್ದಾಗುತ್ತದೆ.

ಬಗೆಗಳು

ಅತ್ಯಂತ ಸರಳವಾದುದು ಮೂರು ಕಲ್ಲಿನ ಒಲೆ. ಹೊಲದಲ್ಲಿ, ಜಾತ್ರೆಯಲ್ಲಿ, ಪ್ರಯಾಣದ ನಡುವೆ ಮೂರು ಕಲ್ಲುಗಳನ್ನು ಹೂಡಿ ಅಡುಗೆ ಮಾಡುವ ಪದ್ಧತಿ ಎಲ್ಲೆಡೆ ಇದೆ. ಇದರ ಸುತ್ತ ಮಣ್ಣಿನ ಗೋಡೆ ಕಟ್ಟಿದರೆ ಕುದುರೆಯ ಲಾಳದ ಆಕಾರದ ಒಲೆಯಾಗುತ್ತದೆ. ಅದರ ಮೇಲಂಚಿನಲ್ಲಿ ಮೂರು ಮಣ್ಣಿನ ಉಬ್ಬುಗಳನ್ನು ಮಾಡಿ ಅವುಗಳ ಮೇಲೆ ಪಾತ್ರೆಯನ್ನು ಕೂಡಿಸುತ್ತಾರೆ. ಉಬ್ಬುಗಳ ನಡುವಿನ ಸಂದಿನಿಂದ ಹೊಗೆಯೂ ಉರಿಯ ತುದಿಯೂ ಹೊರಬರುತ್ತವೆ. ಮುಖ್ಯ ಒಲೆಯ ಪಕ್ಕದಲ್ಲಿ ಒಂದು ಕಂಡಿಯ ಮೂಲಕ ಉರಿಯನ್ನು ಪಡೆಯುವ ಚಿಕ್ಕ ಒಲೆಯನ್ನು ಸೇರಿಸಿದರೆ ಅದು ಕೋಡೊಲೆ. ಕೋಡೊಲೆಯ ಮೇಲೆ ಬೇಳೆ, ಹಾಲು ಮುಂತಾದವು ಮೆಲ್ಲನೆ ಕಾಯುತ್ತವೆ. ವ್ಯರ್ಥವಾಗಿ ಹೋಗಬಹುದಾದ ಶಾಖವನ್ನು ಉಪಯೋಗಿಸಿಕೊಳ್ಳುವ ಜಾಣ್ಮೆ ಇದರಲ್ಲಿದೆ.

ನೀರೊಲೆಯು ಗಾತ್ರದಲ್ಲಿ ದೊಡ್ಡದು. ತಾಮ್ರದ ಹಂಡೆಯ ತಳ ಮತ್ತು ಅರ್ಧ ಮೈಯನ್ನು ಗೋಡೆಯು ಸುತ್ತುವರಿಯುವಂತೆ ಇದನ್ನು ಕಟ್ಟುತ್ತಾರೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಈ ಹಂಡೆಯನ್ನು ತೊಳೆದು, ಒಲೆಯನ್ನು ಸಾರಿಸಿ, ಪೂಜಿಸುವ ಸಂಪ್ರದಾಯವಿದೆ. ಮದುವೆ, ಜಾತ್ರೆಗಳ ದಾಸೋಹಕ್ಕೆ ನೆಲವನ್ನು ಅಗೆದು ಮಾಡುವ ಉದ್ದನೆಯ ಒಲೆ ಇನ್ನೊಂದು ಬಗೆ. ಅದರ ಮೇಲೆ ಸಾಲಾಗಿ ದೊಡ್ಡ ಪಾತ್ರೆಗಳನ್ನು ಇಡಬಹುದು. ಹಿಂಗಾರಿ ಜೋಳ ಹಾಲುಗಾಳಿನ ಹದದಲ್ಲಿರುವಾಗ ಹೊಲದಲ್ಲಿ ಕುಳ್ಳಿನ ಕೆಂಡ ಮಾಡಿ ತೆನೆಗಳನ್ನು ಸುಟ್ಟು ಸೀತನಿ ತಿನ್ನುವ ಕುಣಿಯನ್ನೂ ಈ ಕುಟುಂಬಕ್ಕೆ ಸೇರಿಸಬಹುದು, ಅದಕ್ಕೆ ಗೋಡೆಯೇ ಇಲ್ಲದಿದ್ದರೂ.

ಮೆಕ್ಸಿಕೊ ದೇಶದ 'ಚಿಮಿನಿಯಾ' ಎಂಬ ಮಣ್ಣಿನ ಹೊರ ಒಲೆ ಈಚೆಗೆ ಭಾರತದ ನಗರಗಳ ಉದ್ಯಾನ ಸಾಮಗ್ರಿಗಳ ಅಂಗಡಿಗಳಲ್ಲಿಯೂ ದೊರೆಯುತ್ತಿದೆ. ಗಡಿಗೆಯಂತಹ ಹೊಟ್ಟೆ, ಅದರ ಒಂದು ಬದಿಯಲ್ಲಿ ಬಾಯಿ, ಮೇಲ್ಗಡೆ ನೀಳವಾದ ಕತ್ತು ಇದರ ಲಕ್ಷಣ. ಕತ್ತಿನ ಮೂಲಕ ಹೊಗೆ ಮೇಲಕ್ಕೆ ಹೋಗುವುದರಿಂದ ಎದುರು ಕುಳಿತವರ ಕಣ್ಣಿಗೆ ಅಷ್ಟಾಗಿ ತಾಗುವುದಿಲ್ಲ. ಇದು ಮೈ ಕಾಯಿಸಿಕೊಳ್ಳಲು ಯೋಗ್ಯವೇ ಹೊರತು ನಮ್ಮ ಬಗೆಯ ಅಡುಗೆಗೆ ಅನುಕೂಲವಲ್ಲ. ಕೆಳಗೆ ವಿವರಿಸಿರುವ ಆಯ್ಕೆ ಮತ್ತು ಆರೈಕೆಯ ನಿಯಮಗಳು ಬಹುಪಾಲು ಇದಕ್ಕೂ ಅನ್ವಯಿಸುತ್ತವೆ.

ಮಣ್ಣಿನ ಗುಣ

ಧಾರವಾಡ ಜಿಲ್ಲೆಯು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ಸ್ಥಳದಲ್ಲಿರುವುದರಿಂದ ಇಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಮಣ್ಣು ಬದಲಾಗುತ್ತದೆ. ಧಾರವಾಡದ ಪಶ್ಚಿಮ ಭಾಗ, ಕಲಘಟಗಿ ಹಾಗೂ ಅಳ್ನಾವರಗಳ ಕಡೆ ಕೆಂಪು ಮಣ್ಣು ಹೆಚ್ಚು. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆ ಹತ್ತಿ ಬೆಳೆಯುವ ಕಪ್ಪು ಎರೆಮಣ್ಣು. ರೈತರು ಇವನ್ನು 'ಮಸಾರಿ' ಮತ್ತು 'ಎರಿ' ಎಂದು ಬೇರ್ಪಡಿಸಿ ಹೇಳುತ್ತಾರೆ. ಒಲೆ ಕಟ್ಟುವವರಿಗೆ ಈ ಭೇದವು ಬೆಳೆ ಬೆಳೆಯುವವರಿಗೆ ಇರುವಷ್ಟೇ ಮುಖ್ಯ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚಾಗಿರುತ್ತದೆ. ಇದರ ಕಣಗಳು ಪದರ ಪದರಗಳ ನಡುವೆ ನೀರನ್ನು ಹೀರಿಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರಿ ಹೊಲಗಳು ಕೈ ತೂರುವಷ್ಟು ಬಿರಿಯುವುದಕ್ಕೆ ಇದೇ ಕಾರಣ. ಬರೀ ಎರೆಮಣ್ಣಿನಿಂದ ಕಟ್ಟಿದ ಒಲೆ ಒಣಗುವಾಗಲೇ ಬಿರಿಯುತ್ತದೆ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡಲು ಎರೆಮಣ್ಣು ಒಳ್ಳೆಯದು. ಬೆರಳಿಗೆ ಬಾಗುತ್ತದೆ, ನುಣುಪಾಗಿ ಬರುತ್ತದೆ. ಆದರೆ ಆ ಎತ್ತುಗಳು ಬೆಂಕಿಯನ್ನು ಕಾಣಬೇಕಾಗಿಲ್ಲ. ಕೆಂಪು ಮಣ್ಣಿನಲ್ಲಿ ಪ್ರಧಾನವಾಗಿರುವ ಕೆಯೊಲಿನೈಟ್ ಜಾತಿಯ ಜೇಡಿ ಅಷ್ಟಾಗಿ ಉಬ್ಬುವುದಿಲ್ಲ. ಆದ್ದರಿಂದ ಒಲೆಗೆ ಕೆಂಪು ಮಣ್ಣೇ ಯೋಗ್ಯ. ಹುತ್ತದ ಮಣ್ಣನ್ನು ಗೆದ್ದಲುಗಳು ಕಲ್ಲು ಹರಳುಗಳಿಲ್ಲದಂತೆ ಸಣ್ಣ ಕಣಗಳಾಗಿ ತಂದು ಕೂಡಿಸಿರುವುದರಿಂದ ಅದನ್ನು ಬೆರೆಸುವ ರೂಢಿಯೂ ಇದೆ. ಹಾವು ವಾಸಿಸುವ ಹುತ್ತಗಳನ್ನೂ ಪೂಜೆಗೊಳ್ಳುವ ಹುತ್ತಗಳನ್ನೂ ಮುಟ್ಟಬಾರದೆಂಬುದು ಎಲ್ಲರಿಗೂ ತಿಳಿದದ್ದೇ.

ಎರೆಮಣ್ಣಿನ ಮತ್ತೊಂದು ದೋಷ ಅದರಲ್ಲಿರುವ ಸುಣ್ಣದ ಹರಳುಗಳು. ಇವು ಬೆಂಕಿಯಲ್ಲಿ ಬೆಂದು ಸುಟ್ಟ ಸುಣ್ಣವಾಗುತ್ತವೆ. ಬಳಿಕ ಗಾಳಿಯ ತೇವವನ್ನು ಹೀರಿ ಅರಳುತ್ತವೆ. ಆಗ ಅವುಗಳ ಮೇಲಿನ ಮಣ್ಣು ಚಕ್ಕೆಯಾಗಿ ಹಾರಿಹೋಗುತ್ತದೆ. ಒಲೆಯ ಒಳಮೈಯಲ್ಲಿ ಬಿಳಿಯ ಚುಕ್ಕೆಯನ್ನು ನಡುವಿನಲ್ಲಿ ಹೊಂದಿದ ಚಿಕ್ಕ ಕುಳಿಗಳು ಕಂಡರೆ ಇದೇ ಕಾರಣವೆಂದು ತಿಳಿಯಬಹುದು.

ಮಣ್ಣಿನ ಹದವನ್ನು ಪರೀಕ್ಷಿಸಲು ಸುಲಭವಾದ ವಿಧಾನವಿದೆ. ಕಲಸಿದ ಮಣ್ಣನ್ನು ನಿಂಬೆಹಣ್ಣಿನ ಗಾತ್ರದ ಉಂಡೆಯಾಗಿ ಮಾಡಿ ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಬೇಕು. ಉಂಡೆ ಬಿರಿದಿದ್ದರೆ ಜೇಡಿ ಹೆಚ್ಚಾಗಿದೆ, ಮರಳು ಸೇರಿಸಬೇಕು. ಸೊಂಟದ ಎತ್ತರದಿಂದ ಬಿಟ್ಟಾಗ ಪುಡಿಪುಡಿಯಾದರೆ ಮರಳು ಹೆಚ್ಚಾಗಿದೆ, ಜೇಡಿ ಸೇರಿಸಬೇಕು. ಎರಡು ಮೂರು ಹೋಳಾಗಿ ಒಡೆದರೆ ಅಥವಾ ಒಡೆಯದೆ ಉಳಿದರೆ ಮಣ್ಣು ಹದವಾಗಿದೆ.

ಕೊಳ್ಳುವಾಗ ಗಮನಿಸಬೇಕಾದುದು

ಕುಂಬಾರರು ಸುಟ್ಟು ಮಾರುವ ಒಲೆ ಮತ್ತು ಅಗ್ಗಿಷ್ಟಿಕೆಗಳು ಸಂತೆಗಳಲ್ಲಿಯೂ ಕುಂಬಾರ ಓಣಿಗಳಲ್ಲಿಯೂ ದೊರೆಯುತ್ತವೆ. ನೆರೆಯ ಬೆಳಗಾವಿ ಜಿಲ್ಲೆಯ ಖಾನಾಪುರವು ಮಣ್ಣಿನ ಸಾಮಾನು ಮತ್ತು ಹೆಂಚುಗಳಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿದೆ.

ಒಲೆಯನ್ನು ಒಂದು ಕೈಯಿಂದ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಚೆನ್ನಾಗಿ ಬೆಂದ ಒಲೆ ಗಡಿಗೆಯಂತೆ ನಾದ ಕೊಡುತ್ತದೆ. ಸದ್ದು ಮೊಂಡಾಗಿದ್ದರೆ ಕಣ್ಣಿಗೆ ಕಾಣದ ಬಿರುಕು ಇರಬಹುದು ಅಥವಾ ಅರೆಬೆಂದಿರಬಹುದು. ಬಣ್ಣ ಒಂದೇ ಸಮನಾಗಿರಬೇಕೆಂದು ಹಠ ಹಿಡಿಯಬೇಕಾಗಿಲ್ಲ, ಆವಿಗೆಯಲ್ಲಿ ಹೊಗೆ ತಾಗಿದ ಕಡೆ ಕಪ್ಪು ಛಾಯೆ ಬರುವುದು ಸಹಜ. ಆದರೆ ಗೋಡೆಯ ದಪ್ಪ ಒಂದೇ ಸಮನಾಗಿರಬೇಕು. ಒಂದೆಡೆ ದಪ್ಪ ಇನ್ನೊಂದೆಡೆ ತೆಳುವಾಗಿದ್ದರೆ ಎರಡೂ ಭಾಗಗಳು ಬೇರೆ ಬೇರೆ ವೇಗದಲ್ಲಿ ಕಾದು ಹಿಗ್ಗುತ್ತವೆ, ಅವು ಕೂಡುವ ಸ್ಥಳದಲ್ಲಿ ಬಿರುಕು ಹುಟ್ಟುತ್ತದೆ. ಬಿರುಕು ಮೊದಲು ಕಾಣಿಸಿಕೊಳ್ಳುವುದು ಬಾಯಿಯ ಎರಡು ಮೇಲ್ಮೂಲೆಗಳಲ್ಲಿ; ಅಲ್ಲಿ ಕೂದಲೆಳೆಯ ಗೆರೆ ಇದ್ದರೂ ಆ ಒಲೆಯನ್ನು ಬಿಡುವುದು ಲೇಸು. ಬಣ್ಣ ಬಳಿದ ಒಲೆಗಳು ನೋಡಲು ಚೆಂದವಾದರೂ ಬಣ್ಣವು ಬಿರುಕನ್ನೂ ತೇಪೆಯನ್ನೂ ಮುಚ್ಚಿಡುತ್ತದೆ. ಜೊತೆಗೆ ಎಣ್ಣೆ ಬಣ್ಣ ಕಾದಾಗ ಕೆಟ್ಟ ಹೊಗೆ ಬಿಡುತ್ತದೆ.

ಒಲೆಯ ಗಾತ್ರವನ್ನು ಪಾತ್ರೆಯಿಂದ ನಿರ್ಧರಿಸಬೇಕು, ಮನೆಯವರ ಸಂಖ್ಯೆಯಿಂದಲ್ಲ. ನಿತ್ಯ ಬಳಸುವ ಪಾತ್ರೆಯ ಅಥವಾ ಹಂಚಿನ ತಳವು ಮೂರು ಉಬ್ಬುಗಳ ಮೇಲೆ ಅಲುಗದೆ ಕೂಡಬೇಕು. ಅಂಗಡಿಗೆ ಹೋಗುವಾಗ ಪಾತ್ರೆಯ ಅಗಲವನ್ನು ದಾರದಿಂದ ಅಳೆದು ಒಯ್ಯುವುದು ಉತ್ತಮ.

ಕಟ್ಟುವುದು ಮತ್ತು ಒಣಗಿಸುವುದು

ಮನೆಯಲ್ಲಿಯೇ ಒಲೆ ಕಟ್ಟುವುದು ಈ ಭಾಗದಲ್ಲಿ ಪರಂಪರೆಯಿಂದ ಹೆಂಗಸರ ವಿದ್ಯೆ. ಜರಡಿ ಹಿಡಿದ ಕೆಂಪು ಮಣ್ಣನ್ನು ನೀರಿನಲ್ಲಿ ಒಂದೆರಡು ದಿನ ನೆನೆಯಿಟ್ಟು, ಸಗಣಿ ಮತ್ತು ಸಣ್ಣಗೆ ಕತ್ತರಿಸಿದ ಹುಲ್ಲು ಇಲ್ಲವೆ ಹೊಟ್ಟನ್ನು ಬೆರೆಸಿ ಕಾಲಿನಿಂದ ತುಳಿಯುತ್ತಾರೆ. ಹುಲ್ಲಿನ ಎಳೆಗಳು ಒಣಗುವ ಮಣ್ಣನ್ನು ಹಿಡಿದಿಡುತ್ತವೆ. ಮುಂದೆ ಉರಿಯಲ್ಲಿ ಅವು ಸುಟ್ಟುಹೋದಾಗ ಉಳಿಯುವ ಸಣ್ಣ ರಂಧ್ರಗಳು ಶಾಖವನ್ನು ಒಳಗೇ ತಡೆಯುತ್ತವೆ, ಮಣ್ಣು ಹಿಗ್ಗಲು ಅವಕಾಶವನ್ನೂ ಕೊಡುತ್ತವೆ.

ಗೋಡೆ 3ರಿಂದ 4 ಅಂಗುಲ ದಪ್ಪವಿದ್ದರೆ ಸಾಕು. ಇನ್ನೂ ದಪ್ಪವಾದರೆ ಒಲೆಯೇ ಶಾಖವನ್ನು ಕುಡಿಯುತ್ತದೆ; ಅಡುಗೆಗೆ ತಡವಾಗುತ್ತದೆ. ಒಮ್ಮೆಲೇ ಪೂರ್ತಿ ಎತ್ತರಕ್ಕೆ ಏರಿಸದೆ, ಒಂದು ವರಸೆ ಸ್ವಲ್ಪ ಬಿಗಿದ ಮೇಲೆ ಇನ್ನೊಂದು ವರಸೆಯನ್ನು ಇಡಬೇಕು. ಹಿಂದಿನ ವರಸೆ ಪೂರ್ತಿ ಒಣಗಿದ್ದರೆ ಹೊಸ ಮಣ್ಣು ಕಚ್ಚುವುದಿಲ್ಲ. ನೆಲದಿಂದ ಪಾತ್ರೆಯ ತಳಕ್ಕೆ 8ರಿಂದ 9 ಅಂಗುಲ ಅಂತರವಿರುವುದು ಸಾಮಾನ್ಯ ಅಳತೆ. ಅಂತರ ಕಡಿಮೆಯಾದರೆ ಉರಿಯು ತಣ್ಣನೆಯ ತಳಕ್ಕೆ ತಾಗಿ ಅರ್ಧ ಉರಿದೇ ಆರಿ ಮಸಿಯಾಗುತ್ತದೆ; ಹೆಚ್ಚಾದರೆ ಶಾಖವು ಬದಿಗೆ ಹರಿದುಹೋಗುತ್ತದೆ. ಮೇಲಿನ ಉಬ್ಬುಗಳು ಒಂದು ಅಂಗುಲಕ್ಕಿಂತ ಬಹಳ ಎತ್ತರವಾಗಬಾರದು.

ಹೊಸ ಒಲೆಯನ್ನು ಬಿಸಿಲಿಗೆ ಇಡಬಾರದು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಹಸಿ ಮಣ್ಣು ಕುಗ್ಗದೆ ನಿಲ್ಲುತ್ತದೆ. ಈ ಎಳೆದಾಟದಲ್ಲಿ ಗೋಡೆ ಬಿರಿಯುತ್ತದೆ. ಮೊದಲ ಎರಡು ದಿನ ಒದ್ದೆ ಗೋಣಿಚೀಲ ಹೊದಿಸಿ, ಬಳಿಕ ನೆರಳಿನಲ್ಲಿ 10ರಿಂದ 15 ದಿನ ಬಿಡಬೇಕು. ಈ ನಡುವೆ ಕಾಣಿಸಿಕೊಳ್ಳುವ ಸಣ್ಣ ಬಿರುಕುಗಳನ್ನು ಅದೇ ಮಣ್ಣಿನ ತೆಳು ರಾಡಿಯಿಂದ ತುಂಬಿ ಹೆಬ್ಬೆರಳಿನಿಂದ ಒತ್ತಿ ನುಣುಪು ಮಾಡಬಹುದು.

ಮೊದಲ ಉರಿಯ ವಿಷಯದಲ್ಲಿ ಅವಸರ ಸಲ್ಲದು. ಒಣಗಿದಂತೆ ಕಾಣುವ ಮಣ್ಣಿನಲ್ಲಿಯೂ ತೇವ ಉಳಿದಿರುತ್ತದೆ. ಉರಿ ಜೋರಾದರೆ ಆ ತೇವ ಉಗಿಯಾಗಿ, ಹೊರಬರಲು ದಾರಿ ಸಿಗದೆ ಗೋಡೆಯನ್ನು ಒಡೆಯುತ್ತದೆ. ಮೊದಲ ದಿನ ಒಂದು ಕುಳ್ಳಿನ ತುಂಡನ್ನು ಅರ್ಧ ಗಂಟೆ ಹೊಗೆಯಾಡಿಸಿ ಆರಲು ಬಿಡಬೇಕು; ಎರಡನೆಯ ದಿನ ಪುಳ್ಳೆಗಳ ಸಣ್ಣ ಉರಿ; ಹೀಗೆ ಮೂರು ನಾಲ್ಕು ದಿನಗಳಲ್ಲಿ ಪೂರ್ಣ ಉರಿಗೆ ಏರಬೇಕು. ಅಂಗಡಿಯಿಂದ ತಂದ ಸುಟ್ಟ ಒಲೆಗೂ ಚಿಮಿನಿಯಾಕ್ಕೂ ಇದೇ ಕ್ರಮ. ಅವುಗಳ ತಳದಲ್ಲಿ ಎರಡು ಮೂರು ಅಂಗುಲ ಒಣ ಮರಳನ್ನು ಹರಡಿದರೆ ಕೆಂಡವು ನೇರವಾಗಿ ಮಣ್ಣಿಗೆ ತಾಗುವುದಿಲ್ಲ. ಮನೆಯಲ್ಲಿ ಕಟ್ಟಿದ ಒಲೆಯ ಒಳಮೈಯು ದಿನಬಳಕೆಯ ಉರಿಯಲ್ಲಿಯೇ ಕ್ರಮೇಣ ಬೆಂದು ಇಟ್ಟಿಗೆಯಂತೆ ಕೆಂಪಾಗುತ್ತದೆ. ಜೇಡಿಯು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಮತ್ತೆ ನೀರಿನಲ್ಲಿ ಕರಗದ ಸ್ಥಿತಿಗೆ ಬರುತ್ತದೆ. ಹೊರಮೈ ಮಾತ್ರ ಕೊನೆಯವರೆಗೂ ಹಸಿ ಮಣ್ಣಾಗಿಯೇ ಉಳಿದಿರುತ್ತದೆ.

ಸ್ಥಳದ ಆಯ್ಕೆ

ಒಲೆಯು ಮನೆಯ ಗೋಡೆ, ಹುಲ್ಲಿನ ಚಪ್ಪರ, ಬಟ್ಟೆ ಒಣಗಿಸುವ ತಂತಿ ಮತ್ತು ವಿದ್ಯುತ್ ತಂತಿಗಳಿಂದ ದೂರವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬಣವೆಯಿಂದ ದೂರವಿರಬೇಕು. ಸುಗ್ಗಿಯ ನಂತರ ಹಿತ್ತಲಲ್ಲಿಯೇ ಕಣಿಕೆ ಮತ್ತು ಹೊಟ್ಟಿನ ಬಣವೆ ಒಟ್ಟುವ ಮನೆಗಳಲ್ಲಿ ಗಾಳಿಗೆ ಹಾರಿದ ಒಂದು ಕಿಡಿ ಇಡೀ ವರ್ಷದ ಮೇವನ್ನು ಸುಡಬಲ್ಲದು. ಅಂತಹ ತಿಂಗಳುಗಳಲ್ಲಿ ಒಲೆಯನ್ನೇ ಬೇರೆಡೆಗೆ ಸಾಗಿಸುವುದು ಅಥವಾ ಬಳಸದಿರುವುದು ವಿವೇಕ.

ಮುಂಗಾರಿನಲ್ಲಿ, ಅದರಲ್ಲೂ ಆಷಾಢದಲ್ಲಿ, ಧಾರವಾಡದಲ್ಲಿ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಲ ಕಡೆಯಿಂದ ಬರುತ್ತದೆ. ಬಾಯಿಯನ್ನು ನೇರ ಗಾಳಿಗೆ ಒಡ್ಡಿದರೆ ಉರಿ ಹಿಂದಕ್ಕೆ ನುಗ್ಗಿ ಕಟ್ಟಿಗೆ ಬೇಗ ಮುಗಿಯುತ್ತದೆ. ಗಾಳಿಗೆ ಬೆನ್ನು ಮಾಡಿದರೆ ಉರಿಯೂ ಹೊಗೆಯೂ ಅಡುಗೆ ಮಾಡುವವರ ಮುಖಕ್ಕೆ ಬರುತ್ತವೆ. ಆದ್ದರಿಂದ ಸ್ಥಿರ ಒಲೆಯ ಬಾಯಿ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದು ಗಾಳಿ ಬದಿಯಿಂದ ಬೀಸುವಂತಿದ್ದರೆ ಅನುಕೂಲ.

ಹಿತ್ತಲಿಲ್ಲದ ನಗರದ ಮನೆಗಳಲ್ಲಿ ತಾರಸಿಯ ಮೇಲೆ ಒಲೆ ಹೂಡುವುದು ಹೆಚ್ಚುತ್ತಿದೆ. ಕಾಂಕ್ರೀಟಿನ ಮೇಲೆ ನೇರವಾಗಿ ಬೆಂಕಿ ಮಾಡಿದರೆ ಅದರೊಳಗಿನ ತೇವ ಉಗಿಯಾಗಿ ಚಕ್ಕೆಗಳು ಸಿಡಿಯುತ್ತವೆ, ತಾರಸಿ ಸೋರಲು ಆರಂಭವಾಗುತ್ತದೆ. ಇಟ್ಟಿಗೆಗಳನ್ನು ಸಂದು ಬಿಟ್ಟು ಜೋಡಿಸಿ, ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಮರಳು ಹಾಸಿ ಒಲೆಯನ್ನಿಡಬೇಕು. ಪ್ಲಾಸ್ಟಿಕ್ಕಿನ ನೀರಿನ ತೊಟ್ಟಿ ಮತ್ತು ಕೊಳವೆಗಳು ಹತ್ತಿರವಿರಬಾರದು.

ಉರುವಲು

ಈ ಪ್ರದೇಶದ ಉರುವಲು ಇಲ್ಲಿನ ಬೆಳೆಗಳನ್ನು ಅನುಸರಿಸಿದೆ. ಹತ್ತಿಕಟ್ಟಿಗೆ, ತೊಗರಿ ಕಟ್ಟಿಗೆ, ಮೆಣಸಿನ ಗಿಡದ ಕಡ್ಡಿ, ಗೋವಿನಜೋಳದ ಕಾಳು ಬಿಡಿಸಿದ ಬೆಂಡು ಎರಿ ಭಾಗದ ಮನೆಗಳಲ್ಲಿ ಸಾಮಾನ್ಯ. ಜೋಳದ ಕಣಿಕೆ ದನಗಳ ಮೇವಾದ್ದರಿಂದ ಅದನ್ನು ಒಲೆಗೆ ಹಾಕುವುದು ಕಡಿಮೆ. ಜಾಲಿಯ ಕಟ್ಟಿಗೆ ಗಟ್ಟಿ ಕೆಂಡ ಕೊಡುತ್ತದೆ. ಕೆರೆಯಂಗಳ ಮತ್ತು ಬೀಳುಭೂಮಿಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಹೇರಳವಾಗಿ ಸಿಗುತ್ತದೆ, ಅದರ ಮುಳ್ಳಿಗೆ ಮಾತ್ರ ಎಚ್ಚರ ಬೇಕು. ಹತ್ತಿಕಟ್ಟಿಗೆ ಬೇಗ ಹೊತ್ತಿ ಬೇಗ ಮುಗಿಯುವಂಥದು, ರೊಟ್ಟಿಯ ಹಂಚಿಗೆ ಸರಿಯಾದ ಉರಿ ಕೊಡುತ್ತದೆ. ಕುಳ್ಳು ಮಂದವಾಗಿ ದೀರ್ಘಕಾಲ ಉರಿಯುತ್ತದೆ, ಹಾಲು ಕೆನೆಗಟ್ಟಲು ತಕ್ಕದ್ದು, ಆದರೆ ಹೊಗೆ ಹೆಚ್ಚು.

ಯಾವ ಉರುವಲೇ ಆದರೂ ಒಣಗಿರಬೇಕು. ಹಸಿ ಕಟ್ಟಿಗೆಯ ಶಾಖದ ದೊಡ್ಡ ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ವ್ಯಯವಾಗುತ್ತದೆ, ಉಳಿದದ್ದು ಹೊಗೆಯಾಗುತ್ತದೆ. ಒಲೆಯ ಬಾಯಿಯನ್ನು ಕಟ್ಟಿಗೆಯಿಂದ ತುಂಬಿಬಿಡುವುದು ಸಾಮಾನ್ಯ ತಪ್ಪು. ಎರಡು ಮೂರು ಸಣ್ಣ ತುಂಡುಗಳ ತುದಿ ಮಾತ್ರ ಉರಿಯುತ್ತ, ಅವುಗಳ ಕೆಳಗೆ ಗಾಳಿ ಆಡುತ್ತಿದ್ದರೆ ಉರಿ ತಿಳಿಯಾಗಿರುತ್ತದೆ. ಊದುಗೊಳವೆಯನ್ನು ಮತ್ತೆ ಮತ್ತೆ ಹಿಡಿಯಬೇಕಾಗಿ ಬಂದರೆ ಬೂದಿ ತುಂಬಿದೆಯೆಂದೋ ಕಟ್ಟಿಗೆ ಹಸಿಯಾಗಿದೆಯೆಂದೋ ಅರ್ಥ.

ಬೆಂಕಿ ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ಪೊಟ್ಟಣ, ಹಳೆಯ ಚಪ್ಪಲಿ, ಟೈರಿನ ತುಂಡುಗಳನ್ನು ಬಳಸುವುದು ಇಂದು ಎಲ್ಲೆಡೆ ಕಾಣುವ ಕೆಟ್ಟ ಚಾಳಿ. ಇವುಗಳ ಹೊಗೆ ವಿಷಕರ. ಬಣ್ಣ ಬಳಿದ ಹಲಗೆ ಮತ್ತು ಪ್ಲೈವುಡ್ ಸಹ ವರ್ಜ್ಯ. ಕಣಗಿಲೆ ಗಿಡದ ಎಲ್ಲ ಭಾಗಗಳೂ ವಿಷಯುಕ್ತವಾಗಿದ್ದು ಅದರ ಹೊಗೆಯೂ ಅಪಾಯಕಾರಿ. ಹೂದೋಟ ಸವರಿದ ಕಡ್ಡಿಗಳನ್ನು ಒಲೆಗೆ ಹಾಕುವ ಮುನ್ನ ಇದನ್ನು ನೆನೆಯಬೇಕು. ಉರಿಯುವ ಒಲೆಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಸುರಿಯುವುದು ಸಾವನ್ನು ಕರೆದಂತೆ.

ಹೊಗೆ ಮತ್ತು ಕೆಂಡದ ಅಪಾಯ

ಸಾಂಪ್ರದಾಯಿಕ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಿಂದ 15 ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ. ಅಪೂರ್ಣವಾಗಿ ಉರಿದ ಭಾಗವು ಸೂಕ್ಷ್ಮ ಕಣಗಳಾಗಿ ಶ್ವಾಸಕೋಶವನ್ನು ಸೇರುತ್ತದೆ. ಮನೆಯೊಳಗಿನ ವಾಯುಮಾಲಿನ್ಯವು 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರ ಸಾವಿಗೆ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೃದ್ರೋಗ, ಪಾರ್ಶ್ವವಾಯು, ದೀರ್ಘಕಾಲದ ಶ್ವಾಸರೋಗ, ಮಕ್ಕಳ ನ್ಯುಮೋನಿಯ ಇವುಗಳಲ್ಲಿ ಮುಖ್ಯವಾದವು. ಒಲೆಯ ಮುಂದೆ ದಿನವೂ ಕೂರುವವರು ಹೆಂಗಸರು, ಅವರ ಮಗ್ಗುಲಲ್ಲಿರುವವರು ಚಿಕ್ಕ ಮಕ್ಕಳು. ಆದ್ದರಿಂದ ಈ ಹೊರೆ ಎಲ್ಲರ ಮೇಲೂ ಸಮನಾಗಿ ಬಿದ್ದದ್ದಲ್ಲ. ಒಲೆಯ ಗತಕಾಲವನ್ನು ಹೊಗಳುವ ಬರಹಗಳಲ್ಲಿ ಈ ಮಾತು ಬಿಟ್ಟುಹೋಗುವುದುಂಟು. ಹಿತ್ತಲಲ್ಲಿ ಹೊಗೆ ಚದುರುವುದರಿಂದ ಹಾನಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಉಬ್ಬಸದವರು, ಗರ್ಭಿಣಿಯರು, ಕೂಸುಗಳು ಉರಿಯುವ ಒಲೆಯಿಂದ ದೂರವಿರಬೇಕು.

ಹೊಗೆಗಿಂತ ಹೆಚ್ಚು ಮೋಸಗಾರ ಅಪಾಯ ಕೆಂಡದ್ದು. ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತದೆ. ಕೆಂಡವು ಹೊಗೆಯಿಲ್ಲದೆ ಉರಿಯುವುದರಿಂದ ನಿರಪಾಯವೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವವಾಗಿ ಅದು ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತಿರುತ್ತದೆ. ಈ ಅನಿಲವು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಚಳಿಯ ರಾತ್ರಿ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಕಿಟಕಿ ಮುಚ್ಚಿಕೊಂಡವರು ನಿದ್ದೆಯಲ್ಲಿಯೇ ಮೃತಪಟ್ಟ ಘಟನೆಗಳು ದೇಶದ ನಾನಾ ಕಡೆ ಪ್ರತಿ ಚಳಿಗಾಲದಲ್ಲಿಯೂ ವರದಿಯಾಗುತ್ತವೆ. ಬಾಣಂತಿ ಮತ್ತು ಕೂಸಿಗೆ ಕೆಂಡದ ಕಾವು ಕೊಡುವ ವಾಡಿಕೆಯಿರುವ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಳೆಗೆ ಹೆದರಿ ಒಲೆಯನ್ನು ಮುಚ್ಚಿದ ತಗಡಿನ ಶೆಡ್ಡಿಗೆ ಒಯ್ಯುವುದೂ, ಬಾಗಿಲು ಹಾಕಿದ ಬಚ್ಚಲಲ್ಲಿ ನೀರೊಲೆಯ ಕೆಂಡವಿರುವಾಗ ಸ್ನಾನ ಮಾಡುವುದೂ ಇದೇ ಅಪಾಯಕ್ಕೆ ಸೇರುತ್ತವೆ.

ತಲೆನೋವು, ತಲೆಸುತ್ತು, ವಾಕರಿಕೆ, ತೂಕಡಿಕೆ, ಗೊಂದಲ ಇದರ ಲಕ್ಷಣಗಳು. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಕೂಡಲೇ ಅನುಮಾನಿಸಬೇಕು. ಎಲ್ಲರನ್ನೂ ಬಯಲಿಗೆ ಕರೆತಂದು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಸ್ವಲ್ಪ ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಬೇಕು. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು ಸುಮಾರು 20 ನಿಮಿಷ ಹಿಡಿಯುವುದೇ ಮೊದಲ ಚಿಕಿತ್ಸೆ. ಶಾಯಿ, ಟೂತ್‌ಪೇಸ್ಟ್, ಅರಿಸಿನ, ಮಣ್ಣು ಯಾವುದನ್ನೂ ಹಚ್ಚಬಾರದು.

ಸುಧಾರಿತ ಒಲೆಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಗ್ರಾಮೀಣ ತಂತ್ರಜ್ಞಾನಗಳ ಅಂಗವಾಗಿ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಮಣ್ಣಿನಿಂದಲೇ ಕಟ್ಟಬಹುದಾದ ಈ ಒಲೆಯಲ್ಲಿ ಉರಿಯುವ ಭಾಗ ಮುಚ್ಚಿರುತ್ತದೆ, ಕಟ್ಟಿಗೆಯ ಕೆಳಗೆ ಜಾಲರಿಯಿರುತ್ತದೆ, ಪಾತ್ರೆಗಳು ಸಾಲಾಗಿ ಕೂಡುತ್ತವೆ, ಹೊಗೆಯು ಕೊಳವೆಯ ಮೂಲಕ ಹೊರಹೋಗುತ್ತದೆ. ಕೇಂದ್ರ ಸರ್ಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಇಂತಹ ಒಲೆಗಳು ಕಟ್ಟಿಗೆಯನ್ನು ಉಳಿಸುತ್ತವೆ, ಆದರೆ ಅವುಗಳ ಹೊಗೆಕೊಳವೆಯನ್ನು ಆಗಾಗ ಶುಚಿಗೊಳಿಸದಿದ್ದರೆ ಮಸಿ ಕಟ್ಟಿ ಹೊಗೆ ಒಳಗೇ ತಿರುಗುತ್ತದೆ. ಜೋಳದ ರೊಟ್ಟಿಯ ನಾಡಿನಲ್ಲಿ ಇನ್ನೊಂದು ತೊಡಕೂ ಇದೆ: ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಒಡ್ಡಿ ಉಬ್ಬಿಸಲು ಮುಚ್ಚಿದ ಒಲೆಯಲ್ಲಿ ಅವಕಾಶ ಸಾಲದು. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯ ಬಳಿಕ ಬಡ ಕುಟುಂಬಗಳಿಗೂ ಅನಿಲ ಸಂಪರ್ಕ ದೊರೆತಿದೆ. ಹೀಗಿದ್ದರೂ ಸಿಲಿಂಡರಿನ ಖರ್ಚನ್ನು ಉಳಿಸಲು ನೀರು ಕಾಯಿಸುವ ಕೆಲಸ ಅನೇಕ ಮನೆಗಳಲ್ಲಿ ಹಿತ್ತಲ ಒಲೆಯ ಪಾಲಿಗೇ ಇದೆ.

ಆರೈಕೆ

ಮಣ್ಣಿನ ಒಲೆಯ ಶತ್ರು ಬೆಂಕಿಯಲ್ಲ, ನೀರು. ಕಾದ ಒಲೆಗೆ ನೀರು ಚೆಲ್ಲಿ ಬೆಂಕಿ ಆರಿಸಿದರೆ ಮೇಲ್ಮೈ ತಟ್ಟನೆ ಕುಗ್ಗಿ ಬಿರುಕು ಬಿಡುತ್ತದೆ. ಎದ್ದ ಉಗಿಯಿಂದ ಕೈ ಮುಖವೂ ಸುಡಬಹುದು. ಕಟ್ಟಿಗೆಯನ್ನು ಹೊರಕ್ಕೆಳೆದು ಮರಳು ಅಥವಾ ಬೂದಿಯಿಂದ ಮುಚ್ಚಿ ಆರಿಸುವುದು ಸರಿಯಾದ ಕ್ರಮ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವಂತವಾಗಿರುವುದುಂಟು, ಆದ್ದರಿಂದ ಬೂದಿಯನ್ನು ತಿಪ್ಪೆಗೆ ಚೆಲ್ಲುವ ಮುನ್ನ ಪೂರ್ತಿ ಆರಿದೆಯೆಂದು ನೋಡಬೇಕು. ತಣ್ಣಗಾದ ಬೂದಿ ಪಾತ್ರೆ ಬೆಳಗಲು, ಕಾಳುಗಳಿಗೆ ಹುಳು ಬೀಳದಂತೆ ಬೆರೆಸಿಡಲು, ಗೊಬ್ಬರಕ್ಕೆ ಸೇರಿಸಲು ಉಪಯುಕ್ತ. ಪ್ಲಾಸ್ಟಿಕ್ ಉರಿಸಿದ ಒಲೆಯ ಬೂದಿ ಇವಾವುದಕ್ಕೂ ಬಾರದು.

ದಿನವೂ ಬೂದಿ ತೆಗೆದು, ವಾರಕ್ಕೊಮ್ಮೆ ಕೆಮ್ಮಣ್ಣು ಮತ್ತು ಸಗಣಿಯ ತೆಳು ರಾಡಿಯಿಂದ ಸಾರಿಸುವುದು ವಾಡಿಕೆ. ಇದು ಶುಚಿತ್ವಕ್ಕಷ್ಟೇ ಅಲ್ಲ. ಹಿಂದಿನ ವಾರದ ಸಣ್ಣ ಬಿರುಕುಗಳು ದೊಡ್ಡವಾಗುವ ಮೊದಲೇ ತುಂಬುತ್ತವೆ. ದೊಡ್ಡ ಬಿರುಕನ್ನು ತುಂಬುವಾಗ ಅದನ್ನು ಚೂಪಾದ ಕಡ್ಡಿಯಿಂದ ಅಗಲಿಸಿ, ಪುಡಿ ತೆಗೆದು, ನೀರು ಚಿಮುಕಿಸಿ, ಬಳಿಕ ಮಣ್ಣು ಒತ್ತಬೇಕು. ಸಿಮೆಂಟಿನಿಂದ ತೇಪೆ ಹಾಕುವುದು ನಿಷ್ಪ್ರಯೋಜಕ. ಅದು ಶಾಖಕ್ಕೆ ಮಣ್ಣಿನಂತೆ ಹಿಗ್ಗದೆ, ಕೆಲವು ದಿನಗಳಲ್ಲಿ ಸುತ್ತಲಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಪಾತ್ರೆಯ ಹೊರಮೈಗೆ ಒಲೆಗಿಡುವ ಮುನ್ನ ತೆಳುವಾಗಿ ಮಣ್ಣು ಬಳಿದರೆ ಮಸಿ ಸುಲಭವಾಗಿ ಬಿಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎತ್ತಬಹುದಾದ ಒಲೆಯನ್ನು ಒಳಗೆ, ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ ಇಡಬೇಕು; ಒಳಗೆ ತರುವುದು ಆರಿದ ಒಲೆಯನ್ನು ಮಾತ್ರ. ಸ್ಥಿರ ಒಲೆಯ ಮೇಲೆ ನಾಲ್ಕೂ ಬದಿ ತೆರೆದ ತಗಡಿನ ಮಾಡು ಹಾಕಬಹುದು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ನೆಲದ ತೇವ ಒಳಗೇ ನಿಂತು ಒಲೆ ಮೆತ್ತಗಾಗುತ್ತದೆ. ಮಳೆಗಾಲದ ನಂತರ ಯಾವ ಒಲೆಯನ್ನಾದರೂ ಹೊಸ ಒಲೆಯಂತೆಯೇ ಭಾವಿಸಿ, ಕೆಲವು ದಿನ ಒಣಗಿಸಿ, ಸಣ್ಣ ಉರಿಯಿಂದ ಮತ್ತೆ ಆರಂಭಿಸಬೇಕು.

ಪೂರ್ತಿ ಹಾಳಾದ ಒಲೆಯನ್ನು ಒಡೆದಾಗ ಅದರ ಹೊರಗಿನ ಹಸಿ ಮಣ್ಣನ್ನು ನೆನೆಯಿಟ್ಟು ಹೊಸ ಒಲೆಗೆ ಬಳಸಬಹುದು. ಒಳಗಿನ ಬೆಂದ ಕೆಂಪು ಭಾಗ ನೀರಿನಲ್ಲಿ ಕರಗುವುದಿಲ್ಲ; ಅದನ್ನು ಕುಟ್ಟಿ ಪುಡಿಮಾಡಿ ಮರಳಿನ ಬದಲಿಗೆ ಬೆರೆಸಿದರೆ, ಒಮ್ಮೆ ಬೆಂದು ಕುಗ್ಗಿದ ಮಣ್ಣಾದುದರಿಂದ, ಹೊಸ ಒಲೆ ಒಣಗುವಾಗ ಕಡಿಮೆ ಬಿರಿಯುತ್ತದೆ.